ಹೆಗಲ ಮೇಲಿನವನು

ಜಫರುಲ್ಲಾ ಸಾಹೇಬರ ನಾರ್ತ್ ಕ್ರೀಕ್ ಮನೆಯ ಹಾಲ್‌ನಲ್ಲಿ ಟಿವಿಗಿಂತ ದೊಡ್ಡದೊಂದು ಫೋಟೋ ಇದೆ. ಒಬ್ಬ ಆಟಗಾರ ಇನ್ನೊಬ್ಬನ ಹೆಗಲ ಮೇಲೆ ಮೊಣಕಾಲೂರಿ, ಆಕಾಶದಲ್ಲಿ ಚೆಂಡು ಹಿಡಿದಿದ್ದಾನೆ. ಮೇಲಿನವನ ಮುಖಕ್ಕೆ ಅವನದೇ ತೋಳು ಅಡ್ಡ, ಕೆಳಗಿನವನ ಮುಖ ನೆಲದ ಕಡೆಗೆ. ಘನತೆ ಬರಲೆಂದು ಸಾಹೇಬರು ಅದನ್ನು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ಹಾಕಿಸಿದ್ದರು. ಬಂದವರಿಗೆಲ್ಲ ಮೇಲಿನವನನ್ನು ತೋರಿಸಿ, ನಮ್ಮ ಅಳಿಯ ಎನ್ನುತ್ತಿದ್ದರು.

ಅಳಿಯ ಕಾಮ್ರಾನ್ ಕೆಳಗಿನವನು.

ಮೆಲ್ಬರ್ನ್‌ನಲ್ಲಿ ಬೆಳೆದ ಅವನು ಒಂಬತ್ತು ವರ್ಷ ಆಸ್ಟ್ರೇಲಿಯನ್ ಫುಟ್‌ಬಾಲಿನ ವೃತ್ತಿಪರ ತಂಡವೊಂದರಲ್ಲಿ ಡಿಫೆಂಡರ್ ಆಗಿದ್ದ. ಚೆಂಡನ್ನು ಕೈಯಲ್ಲೂ ಹಿಡಿಯುವ ಆಟ ಅದು. ಎದುರಾಳಿಗೆ ಅಂಟಿಕೊಂಡು ಓಡುವುದು, ಅವನ ಕೈಗೆ ಬರುವ ಚೆಂಡನ್ನು ಮುಷ್ಟಿಯಿಂದ ಗುದ್ದಿ ತಪ್ಪಿಸುವುದು ಇವನ ಕೆಲಸ. ಹಾಗೆ ತಪ್ಪಿಸಿದ್ದಕ್ಕೆ ಲೆಕ್ಕವಿಲ್ಲ. ಆದರೆ ಆಗದ ಗೋಲಿನ ಫೋಟೋ ಯಾರು ತೆಗೆಯುತ್ತಾರೆ? ತಡವಾಗಿ ಎಗರಿದ ಒಂದೇ ಒಂದು ದಿನ ಪತ್ರಿಕೆಯಲ್ಲಿ ಬಂದ, ಬೇರೆಯವನಿಗೆ ಏಣಿಯಾಗಿ.

ಮದುವೆಯ ಮಾತುಕತೆಯ ಹೊತ್ತಿಗೇ ಮಾವ ಆ ಚಿತ್ರ ಹುಡುಕಿ ಹಿಗ್ಗಿಹೋಗಿದ್ದರು. ಹತ್ತಿರದ ಎವರೆಟ್ ಊರಿನ ಕಾರ್ಖಾನೆಯಲ್ಲಿ ವಿಮಾನಗಳಿಗೆ ರೆಕ್ಕೆ ಜೋಡಿಸಿ ನಿವೃತ್ತರಾದ ಎಂಜಿನಿಯರ್. ಹಾರುವುದೆಂದರೆ ಅವರಿಗೆ ಪ್ರಾಣ. ಕಾಮ್ರಾನ್ ಆಗ ಬಾಯಿ ಬಿಡಲಿಲ್ಲ, ಆಮೇಲೆ ಬಿಡಲಾಗಲಿಲ್ಲ. ನಿಜ ಗೊತ್ತಿದ್ದ ಹೆಂಡತಿ ಮೆಹರುನ್ನೀಸಾ ಹೇಳಿಬಿಡಿ ಎಂದು ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದಳು. ಯಾರಾದರೂ ಫೋಟೋದತ್ತ ತಿರುಗಿದರೆ ಸಾಕು, ಇವನ ಕೈ ಹೆಗಲಿಗೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ಗಾದೆ ಇವನಿಗೆಂದೇ ಹುಟ್ಟಿರಬೇಕು.

ಈ ಸಲದ ಈದ್ ಊಟಕ್ಕೆ ಕಾಮ್ರಾನ್‌ನ ಸಹೋದ್ಯೋಗಿ ಸುಮುಖ್ ಸೌತ್ ಲೇಕ್ ಯೂನಿಯನ್ ಬಡಾವಣೆಯಿಂದ ಬಂದಿದ್ದ. ಬಿರಿಯಾನಿ ತಟ್ಟೆ ಹಿಡಿದೇ ಫೋಟೋದ ಹತ್ತಿರ ಹೋಗಿ ಕೆಳಗಿನವನ ಬೆನ್ನು ನೋಡಿದ.

“ಇವರ ನಂಬರ್ ಇಪ್ಪತ್ತೇಳು. ಆಫೀಸಲ್ಲಿ ನಿಮ್ಮ ಕಾಫಿ ಮಗ್ ಮೇಲೂ ಇಪ್ಪತ್ತೇಳೇ ಅಲ್ವಾ?”

ಮಾವ ನಗುತ್ತಲೇ ಅಳಿಯನ ಕಡೆ ನೋಡಿದರು. ಅವನಿಗಿಂತ ಮೊದಲು ಮಾತಾಡಿದವಳು ಎಂಟು ವರ್ಷದ ಮಗಳು ಆಯತ್.

“ಬೋತ್ ಟೀಮ್ಸ್ ಹ್ಯಾವ್ ಎ ಟ್ವೆಂಟಿಸೆವೆನ್, ಅಂಕಲ್. ಅಬ್ಬಾ ಈಸ್ ದಿ ಒನ್ ಆನ್ ಟಾಪ್.”

ಅವಳು ತಡವರಿಸಲಿಲ್ಲ. ಕಾಮ್ರಾನ್ ಮಗಳತ್ತ ತಿರುಗಿದ. ದಿನವೂ ಅವನ ಹಳೆಯ ಜೆರ್ಸಿ ತೊಟ್ಟು ಮಲಗುವವಳು ಅವಳು. ಅದರ ನಂಬರ್, ಅದರ ಪಟ್ಟೆ ಎಲ್ಲ ಬಲ್ಲಳು. ಅವಳಿಗೆ ಎಂದೋ ಗೊತ್ತಾಗಿತ್ತು. ಅಪ್ಪನ ಮಾನ ಉಳಿಸಲು ಉತ್ತರವನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದಳು. ಅಂದು ಹೆಗಲಿಗೆ ಬಿದ್ದ ಮೊಣಕಾಲು ಅವನನ್ನು ಇಷ್ಟು ಕುಗ್ಗಿಸಿರಲಿಲ್ಲ.

“ಮಾಮಾ, ಕೆಳಗಿರೋದು ನಾನು,” ಎಂದ. “ಅವಳಿಗೆ ಸುಳ್ಳು ಕಲಿಸಿದ್ದೂ ನಾನೇ.”

ಸುಮುಖ್ ತಟ್ಟೆಯತ್ತ ತಲೆ ತಗ್ಗಿಸಿದ. ಜಫರುಲ್ಲಾ ಸಾಹೇಬರು ಎದ್ದು ಹೋಗಿ, ಮೊದಲ ಸಲ ನೋಡುತ್ತಿರುವವರಂತೆ ಫೋಟೋದ ಮುಂದೆ ನಿಂತರು.

ಹೇಳಿಯಾಯಿತಲ್ಲ ಎಂದು ಕಾಮ್ರಾನ್ ಉಸಿರು ಬಿಡುವಷ್ಟರಲ್ಲಿ ಆಯತ್ ಬಂದು ಅವನ ಕೈ ಹಿಡಿದಳು. ಕಣ್ಣು ತುಂಬಿತ್ತು.

“ಬಟ್ ಐ ಟೋಲ್ಡ್ ಎವ್ರಿಬಡಿ ಇನ್ ಸ್ಕೂಲ್, ಅಬ್ಬಾ. ನಾನೀಗ ಏನ್ ಹೇಳ್ಲಿ?”

ಹೆಗಲು ಮುಟ್ಟಿಕೊಳ್ಳೋಣವೆಂದರೆ ಅವನ ಕೈ ಅವಳ ಹಿಡಿತದಲ್ಲಿತ್ತು.