ಸೂಪರ್‌ವೈಸರ್ ಮೂಗು

ಚರ್ಮ ಹದ ಮಾಡುವ ಆ ಕಾರ್ಖಾನೆಯಲ್ಲಿ ಸೂಪರ್‌ವೈಸರನಿಗೆ ಮೂಗಪ್ಪ ಎಂಬ ಅಡ್ಡಹೆಸರು ಬಿದ್ದು ಹದಿನೆಂಟು ವರ್ಷ. ಅನಿಲ ಅಳೆಯುವ ಮೀಟರ್ ಕೆಟ್ಟಾಗ, "ನನ್ನ ಮೂಗಿಲ್ವಾ?" ಎಂದು ರಿಪೇರಿ ತಪ್ಪಿಸಿದ ಮಹಾನುಭಾವ. ಆ ಮೂಗನ್ನು ಕಂಡಾಗಲೆಲ್ಲ ಲ್ಯಾಬಿನ ಕೆಮಿಸ್ಟಳಿಗೆ ಅದರ ಹಿಂದಿನ ಖಾಲಿ ಜಾಗ ನೆನಪಾಗುತ್ತಿತ್ತು.

ಚರ್ಮದ ಕೂದಲು ತೆಗೆದ ಸಲ್ಫೈಡ್ ನೀರು ತುಂಬಿದ್ದ ಗುಂಡಿಗೆ ಆ ಬೆಳಿಗ್ಗೆ ಅವನು ಆಮ್ಲದ ನೀರನ್ನೂ ಬಿಡಿಸಿದ್ದ. ಎರಡೂ ಸೇರಿದರೆ ಗಂಧಕದ ವಿಷಾನಿಲ ಏಳುತ್ತದೆಂದು ಗೋಡೆಯ ಮೇಲೆ ಅಂಗೈಯಗಲದ ಅಕ್ಷರಗಳಲ್ಲಿ ಬರೆದಿತ್ತು. ಓದಲು ಮೂಗು ಸಾಲದು. ಕೊಳೆತ ಮೊಟ್ಟೆಯ ನಾತ ಅಂಗಳವೆಲ್ಲ ಹಬ್ಬಿತು. ಅಷ್ಟರಲ್ಲಿ ಗುಂಡಿಯ ಪಂಪೂ ಕಟ್ಟಿಕೊಂಡಿತು. ಇಳಿದು ಬಿಡಿಸಬೇಕಾದವನು ಫಿಟ್ಟರ್, ಆ ಕೆಮಿಸ್ಟಳ ಮೈದುನ.

ಸುದ್ದಿ ಕೇಳಿ ಅವಳು ಓಡಿ ಬಂದಾಗ ಮೂಗಪ್ಪ ಗುಂಡಿಗೆ ಬಗ್ಗಿ ಮೂಸುತ್ತಿದ್ದ. ಅವನ ಕಣ್ಣುಗಳು ಕೆಂಪಾಗಿದ್ದವು.

"ನಾತ ಹೋಯ್ತು. ಇಳಿಯಪ್ಪಾ."

ಮೈದುನ ಏಣಿಗೆ ಕಾಲಿಟ್ಟ.

"ಕಾಲು ತೆಗಿ!" ಅವಳು ಕೂಗಿದಳು. "ಸಾರ್, ನಾತ ಅಲ್ಲೇ ಇದೆ. ಸತ್ತಿರೋದು ನಿಮ್ಮ ಮೂಗು. ಈ ಅನಿಲ ಜಾಸ್ತಿ ಆದ್ರೆ ಮೊದಲು ಮೂಗನ್ನೇ ಮರಗಟ್ಟಿಸುತ್ತೆ."

"ಏನಮ್ಮಾ, ಹದಿನೆಂಟು ವರ್ಷದ ಸರ್ವೀಸು ಈ ಮೂಗಿಗೆ!"

"ಹಾಗಾದ್ರೆ ಪಿಂಚಣಿ ಕೊಟ್ಟು ಮನೆಗೆ ಕಳಿಸಿ."

ಆ ಅನಿಲ ಸೋಕಿದರೆ ಬಣ್ಣಗೆಡುವ, ಸೀಸದ ಲವಣ ಸವರಿದ ಬಿಳಿ ಕಾಗದದ ಪಟ್ಟಿಯನ್ನು ದಾರಕ್ಕೆ ಕಟ್ಟಿ ಗುಂಡಿಗೆ ಬಿಟ್ಟಳು. ಮೇಲೆಳೆದಾಗ ಅದು ಇದ್ದಿಲಿನಂತೆ ಕಪ್ಪಾಗಿತ್ತು.

"ಕಾಗದ ಹಳೇದಿರ್ಬೇಕು," ಎಂದ ಮೂಗಪ್ಪ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

"ಆಯ್ತು, ನೀವೇ ಇಳೀರಿ ಸಾರ್. ಮೂಗು ಮುಂದೆ, ನೀವು ಹಿಂದೆ."

ಮೂಗಪ್ಪ ಗುಂಡಿ ನೋಡಿದ, ಏಣಿ ನೋಡಿದ. ಅವನಿಗೆ ಥಟ್ಟನೆ ಮಂಡಿನೋವು ನೆನಪಾಯಿತು.

ಪಕ್ಕದ ಕಾರ್ಖಾನೆಯಿಂದ ಮೀಟರ್ ಬಂತು. ಇಡೀ ಮಧ್ಯಾಹ್ನ ಗುಂಡಿಗೆ ಗಾಳಿ ಊದುತ್ತ ಬ್ಲೋವರ್ ಓಡಿತು. ಮೀಟರ್ ಸೊನ್ನೆ ತೋರಿಸಿದ ಮೇಲೆ ಮೈದುನ ಸೊಂಟಕ್ಕೆ ಹಗ್ಗ ಬಿಗಿದು ಇಳಿದು, ಪಂಪಿಗೆ ಸಿಕ್ಕಿದ್ದ ಕೂದಲಿನ ಉಂಡೆ ಕಿತ್ತು ತಂದ.

"ಈಗ ಇಳೀಬಹುದು ಅಂತ ನನ್ನ ಮೂಗೂ ಹೇಳ್ತಿತ್ತು," ಎಂದ ಮೂಗಪ್ಪ.

ಕೈ ತೊಳೆಯುತ್ತ ಮೈದುನ ಮೆಲ್ಲಗೆ ಹೇಳಿದ: "ಅತ್ತಿಗೆ, ಬೆಳಿಗ್ಗೆ ನನಗೂ ನಾತ ಬರ್ತಿರ್ಲಿಲ್ಲ. ಅದಕ್ಕೇ ಧೈರ್ಯವಾಗಿ ಕಾಲಿಟ್ಟೆ."

ಮೂಗಪ್ಪನಿಗೆ ಎತ್ತಿಟ್ಟಿದ್ದ ನೋಟವನ್ನೇ ಅವಳು ಮೈದುನನತ್ತ ತಿರುಗಿಸಿದಳು.

"ಇಂಥದ್ದೇ ಇನ್ನೊಂದು ಮೂಗಿಗೆ ದಿನಾ ಊಟ ಬಡಿಸ್ತಿದೀನಿ ಅಂತ ಗೊತ್ತಿರ್ಲಿಲ್ಲ."