ಚಿನ್ನಕ್ಕೆ ಒತ್ತಿದ ಮೊನೆ

ನನ್ನ ಗಂಡನ ಕೆಲಸ ಖಾಯಂ ಆಗಬೇಕಾದರೆ ಒಂದು ಗ್ರಾಫಿನ ನಡುವೆ ಸಣ್ಣದೊಂದು ಉಬ್ಬು ಏಳಬೇಕಿತ್ತು. ಎದ್ದಿತು. ನಮ್ಮ ಸಂಸಾರ ಕೆಟ್ಟಿದ್ದೂ ಅಲ್ಲಿಂದಲೇ.

ನಾವಿಬ್ಬರೂ ಒಂದೇ ಪ್ರಯೋಗಾಲಯದವರು. ತಡೆಯಿಲ್ಲದೆ ವಿದ್ಯುತ್ ಹರಿಸುವ ಸೂಪರ್ ಕಂಡಕ್ಟರಿನ ಹರಳನ್ನು ದ್ರವ ಹೀಲಿಯಂನಲ್ಲಿ ಕೊರೆಯುವಷ್ಟು ತಣ್ಣಗೆ ಮಾಡಿ, ಅದರ ಮೇಲೆ ಲೋಹದ ಚೂಪು ಮೊನೆಯೊಂದನ್ನು ಮುಟ್ಟಿಯೂ ಮುಟ್ಟದಂತೆ ನಿಲ್ಲಿಸುತ್ತೇವೆ. ಒಳಗೆ ಎಲೆಕ್ಟ್ರಾನುಗಳು ಏನು ಆಟ ಹೂಡಿವೆ ಎಂಬುದು ಗ್ರಾಫಿನಲ್ಲಿ ಕಾಣುತ್ತದೆ. ಒಂದು ಎಲೆಕ್ಟ್ರಾನು ಎರಡು ಅರ್ಧಗಳಾದಂತೆ ಹರಳಿನ ಎರಡು ಅಂಚಿಗೆ ಹೋಗಿ ಕೂರುವ ವಿಚಿತ್ರ ಸ್ಥಿತಿಯೊಂದು ಇರಬಹುದೆಂದು ಲೆಕ್ಕ ಹೇಳುತ್ತದೆ. ಇದ್ದರೆ, ಅಂಚಿನಲ್ಲಿ ಆ ಉಬ್ಬು ಕಾಣಬೇಕು.

"ಸಿಕ್ತು! ಮೊನೆ ಹರಳಿಗೆ ಸ್ವಲ್ಪ ತಗುಲ್ತು, ಹಾಳಾಯ್ತು ಅಂದ್ಕೊಂಡೆ. ಆಮೇಲೆ ನೋಡಿದ್ರೆ ಉಬ್ಬು!" ಎಂದು ಒಂದು ಸಂಜೆ ಗಂಡ ಕುಣಿಯುತ್ತ ಮನೆಗೆ ಬಂದ.

ನಾನು ತಡೆದೆ. "ತಗುಲಿದ್ರೆ ಹರಳಿನ ಚೂರು ಮೊನೆಗೆ ಅಂಟಿರುತ್ತೆ. ಆ ಚೂರೇ ಉಬ್ಬು ತೋರಿಸುತ್ತೆ. ಚಿನ್ನಕ್ಕೆ ಒತ್ತಿದ್ಯಾ?"

ಮೊನೆಯನ್ನು ಚಿನ್ನದ ತುಂಡಿಗೆ ಒತ್ತಿ, ಅಂಟಿದ ಕೊಳೆ ಕಳೆದು, ಮತ್ತೆ ಹರಳಿನ ಮೇಲೆ ಅಳೆಯದೆ ನಮ್ಮಲ್ಲಿ ಯಾರೂ ಏನನ್ನೂ ನಂಬುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

"ಒತ್ತಿದ್ರೆ ಅದೇ ಜಾಗಕ್ಕೆ ವಾಪಸ್ ಹೋಗೋದು ಹೇಗೆ? ಕಳೆದುಹೋದ್ರೆ?" ಅಂದ. ಅದೂ ಸುಳ್ಳಲ್ಲ; ಅಷ್ಟು ಸಣ್ಣ ಜಾಗ ಒಮ್ಮೆ ತಪ್ಪಿದರೆ ಮತ್ತೆ ಸಿಗುವುದು ಕಷ್ಟ.

ಅತ್ತೆ ಒಳಗಿನಿಂದಲೇ ಬಾಣ ಬಿಟ್ಟರು. "ನನ್ನ ಮಗ ಯಾರೂ ಕಾಣದ್ದು ಕಂಡ್ರೆ ನಿನಗ್ಯಾಕಮ್ಮ ಹೊಟ್ಟೆಉರಿ?"

ಖಾಯಂ ಮಾಡುವ ಮೊದಲು ಹೊರಗಿನ ಪರಿಣತರು ಬಂದು ಉಬ್ಬನ್ನು ಕಣ್ಣಾರೆ ನೋಡುತ್ತಾರೆ ಎಂದು ನಮ್ಮ ಮುಖ್ಯಸ್ಥರು ಹೇಳಿದರು. ಅಂದಿನಿಂದ ಗಂಡ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಯಂತ್ರ ಕಾದ. ಬುತ್ತಿಯೂ ಅಲ್ಲೇ, ತೂಕಡಿಕೆಯೂ ಅಲ್ಲೇ. ಯಾರನ್ನೂ ಹತ್ತಿರ ಬಿಡಲಿಲ್ಲ. ಪರಿಣತರು ಬರುವ ಹಿಂದಿನ ದಿನ ಮಾತ್ರ ನನ್ನನ್ನು ಕರೆದು, "ಊಟಕ್ಕೆ ಹೋಗ್ಬರ್ತೀನಿ, ಸ್ವಲ್ಪ ನೋಡ್ಕೋ" ಎಂದು ಎದ್ದುಹೋದ.

ನಾನು ಯಂತ್ರದ ಮುಂದೆ ಕೂತೆ. ನಾಳೆ ಹೊರಗಿನವರೆದುರು ಅವನ ಮಾನ ಹೋಗುವುದಕ್ಕಿಂತ ಇವತ್ತೇ ನಮಗೆ ಗೊತ್ತಾಗಲಿ ಅಂದುಕೊಂಡೆ. ಪ್ರೀತಿಯಿಂದಲೇ ಅಂದುಕೊಂಡೆ, ಯಾರು ನಂಬುತ್ತಾರೋ ಬಿಡುತ್ತಾರೋ. ಮೊನೆಯನ್ನು ಚಿನ್ನಕ್ಕೆ ಒತ್ತಿದೆ. ಮತ್ತೆ ಹರಳಿನ ಅಂಚಿಗೆ ತಂದೆ. ಗ್ರಾಫು ಅಂಗೈಯಂತೆ ಮಟ್ಟಸ. ಉಳಿದ ಅಂಚುಗಳನ್ನೂ ತಡಕಿದೆ. ಎಲ್ಲೂ ಇಲ್ಲ.

ಅವನು ಬಂದವನೇ ಇಡೀ ಪ್ರಯೋಗಾಲಯಕ್ಕೆ ಕೇಳುವಂತೆ ಕೂಗಿದ. "ನನ್ನ ಬಾಳು ಹಾಳ್ ಮಾಡ್ಬಿಟ್ಟೆಯಲ್ಲೇ!"

"ಅಲ್ಲಮ್ಮ, ಕೇಳದೆ ಮುಟ್ಟೋದಾ?" ಅಂದರು ಮುಖ್ಯಸ್ಥರು.

"ಒತ್ತದೆ ನಂಬಬಾರದು ಅಂತ ಕಲಿಸಿದ್ದು ನೀವೇ ಸಾರ್."

"ಕಲಿಸಿದ್ದು ನಿಜ. ಆದ್ರೆ ಜಾಗವೇ ಹೋಯ್ತಲ್ಲ."

ಪರಿಣತರು ಹಳೆಯ ಗ್ರಾಫು ನೋಡಿ ಲೊಚಗುಟ್ಟಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅವನ ಮೇಲೆ ಎಲ್ಲರಿಗೂ ಕನಿಕರ. ಆ ಕನಿಕರದಲ್ಲೇ ಕೆಲಸ ಖಾಯಂ ಆಯಿತು. ನನಗೆ ಯಂತ್ರದ ಕೋಣೆಗೆ ಪ್ರವೇಶವಿಲ್ಲ. ಈಗ ಹೀಲಿಯಂ ಪಾತ್ರೆಗಳನ್ನು ತಳ್ಳುತ್ತೇನೆ. ಅತ್ತೆ ಬಂದವರಿಗೆಲ್ಲ "ನಮ್ಮ ಸೊಸೆ ಕೈಗುಣ" ಎನ್ನುತ್ತಾರೆ.

ಮೊನ್ನೆ ಮನೆಯಲ್ಲಿ ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು ಒರೆಸುತ್ತಿದ್ದ ಅವನನ್ನು ಕೇಳಿದೆ. "ಅಷ್ಟು ದಿನ ಜಾಗ ಬಿಟ್ಟು ಅಲ್ಲಾಡದವನು ಅವತ್ತೊಂದಿನ ಯಾಕೆ ಊಟಕ್ಕೆ ಹೋದೆ?"

ಅವನು ತಟ್ಟೆ ಒರೆಸುತ್ತಲೇ ಇದ್ದ. "ಪರಿಣತರು ಬಂದಾಗ ಉಬ್ಬು ಇದ್ದಿದ್ರೆ, ಮೊದಲು ಚಿನ್ನಕ್ಕೆ ಒತ್ತು ಅಂತಿದ್ರು."

"ಅಂದ್ರೆ ನಿನಗೂ ಗೊತ್ತಿತ್ತು."

"ನೀನು ಒತ್ತದೆ ಇರಲ್ಲ ಅಂತಾನೂ ಗೊತ್ತಿತ್ತು."

ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಕಥೆ ಕೇಳಿ ಚಿಕ್ಕಂದಿನಲ್ಲಿ ಬಿದ್ದು ಬಿದ್ದು ನಕ್ಕಿದ್ದೆ. ಈ ಲೋಕದಲ್ಲಿ ನನ್ನನ್ನು ಅಷ್ಟು ಚೆನ್ನಾಗಿ ಬಲ್ಲವನು ಅವನೊಬ್ಬನೇ, ಅದನ್ನೂ ಬಳಸಿಕೊಂಡ.