ಒಂದು ತಿಂಗಳು ಕೊಟ್ಟ ಬೇಲಿಫ್

ಈ ಕಥೆ ನಿಜ. ಉದಯಕುಮಾರ ಅಲ್ಲವೆನ್ನಲಾರ, ಅಂದರೂ ಯಾರ ದನಿಯಲ್ಲಿ ಅಂದಾನೋ ಹೇಳಲಾಗದು.

ಕೆನಡಾದ ವಿಟ್ಬಿಯ ಉದಯನ ಗಂಟಲಲ್ಲಿ ಹತ್ತು ಜನ ಬಾಡಿಗೆಗಿದ್ದರು. ಕನ್ನಡ ಸಂಘದ ವೇದಿಕೆಯ ಮೇಲೆ ಅವನು ಅಧ್ಯಕ್ಷರಂತೆ ಕೆಮ್ಮಿದರೆ ಅಧ್ಯಕ್ಷರ ಹೆಂಡತಿಯೇ ನೀರು ತರಲು ಏಳುತ್ತಿದ್ದರು. ಆ ಗುರುವಾರ ಪಕ್ಕದ ಮನೆಗೆ ಬೇಲಿಫ್ ಬಂದಿದ್ದ, ಆಸ್ತಿ ತೆರಿಗೆ ಕಟ್ಟದವರ ಸಾಮಾನು ಜಪ್ತಿ ಮಾಡುವವ. ಅವನ ತಣ್ಣನೆಯ ಮೂಗುದನಿ ಉದಯನಿಗೆ ಬಹಳ ಹಿಡಿಸಿತು. ಮಧ್ಯಾಹ್ನವೇ ನಂಬರು ಮರೆಮಾಡಿ ಬೋಲ್ಟನ್ನಿನ ಬಸವೇಶನಿಗೆ ಫೋನ್ ಹಚ್ಚಿದ. ಬಸವೇಶ ಧಾರವಾಡದಲ್ಲಿ ಒಂದೇ ಓಣಿಯವನು, ಅಣ್ಣನ ಸಮಾನ. ಇಲ್ಲಿ ವೇರ್‌ಹೌಸಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ.

"ಮಿಸ್ಟರ್ ಬಸವೇಶ್? ಬೇಲಿಫ್. ಯುವರ್ ಪ್ರಾಪರ್ಟಿ ಟ್ಯಾಕ್ಸ್."

ಬೈಗುಳ ಬರಬೇಕಿತ್ತು. ಬಂದದ್ದು ಅಳು, ಇಂಗ್ಲಿಷು ಕನ್ನಡ ಕಲಸಿಕೊಂಡು.

"ಸರ್, ಪ್ಲೀಸ್ ಸರ್, ನಾಳೆ ಒಂಬತ್ತಕ್ಕ ಬರಬ್ಯಾಡ್ರಿ. ನೋ ಕಾರ್, ನೋ ಶಿಫ್ಟ್! ಯುವರ್ ಲೆಟರ್, ಫೀ. ಯು ಕಮ್, ಫೀ. ಟ್ಯಾಕ್ಸ್ ಐ ವಿಲ್ ಪೇ ಸರ್, ಈ ಫೀ ಬೆಳಕೋಂತನ ಹೊಂಟಾವ. ಮೈ ವೈಫ್ ಗಾನ್ ಟು ಜೆರಾರ್ಡ್ ಸ್ಟ್ರೀಟ್ ಗೋಲ್ಡ್ ಶಾಪ್, ಸೆಲ್ಲಿಂಗ್ ಹರ್ ಬ್ಯಾಂಗಲ್ಸ್..."

ಹೋದ ಭಾನುವಾರ ಉದಯನ ಪಕ್ಕದಲ್ಲೇ ಕೂತು ಉಂಡಿದ್ದ ಮನುಷ್ಯ ಇದರ ಸುಳಿವನ್ನೂ ಬಿಟ್ಟುಕೊಟ್ಟಿರಲಿಲ್ಲ. ಈಗ 'ನಾನೇ ಅಣ್ಣಾ' ಎಂದರೆ ಅವನು ನಾಚಿ ಮತ್ತೆ ಮುಖ ತೋರಿಸಿಯಾನೇ? ಬಾಯಿಗೆ ಬಂದದ್ದನ್ನು ಅದೇ ಮೂಗಿನಲ್ಲಿ ಅಂದುಬಿಟ್ಟ.

"ಓಕೆ. ವನ್ ಮಂತ್. ನೋ ಫೀಸ್."

ಫೋನ್ ಇಟ್ಟ ಮೇಲೆ ಹೊಳೆಯಿತು: ನಾಳೆ ಒಂಬತ್ತಕ್ಕೆ ನಿಜವಾದವನು ಬಂದೇ ಬರುತ್ತಾನೆ. ಮತ್ತೆ ಹಚ್ಚಿದ, ಸ್ವಂತ ದನಿಯಲ್ಲಿ. ಆದರೆ ಬಸವೇಶನೇ ಮೊದಲು ಶುರುಮಾಡಿದ.

"ಉದಯಾ! ಯಾರಿಗೂ ಹೇಳಿದ್ದಿಲ್ಲೋ, ನಿನಗ ಹೇಳತೀನಿ. ಬೇಲಿಫ್ ಒಬ್ಬ ದೇವರಂಥಾಂವ ಸಿಕ್ಕಾನ. ಬಳಿ ಮಾರಬ್ಯಾಡ, ಹೊಳ್ಳಿ ಬಾ ಅಂತ ನಿಮ್ಮ ವೈನಿಗೆ ಹೇಳೀನಿ."

ಉದಯನ ಗಂಟಲಲ್ಲಿದ್ದ ಹತ್ತೂ ಜನ ಮನೆ ಖಾಲಿ ಮಾಡಿದ್ದರು. "ಬರತೀನಿ ತಡಿ ಅಣ್ಣಾ" ಎಂದಷ್ಟೇ ಹೇಳಿ ಕಾರು ಹತ್ತಿದ.

ಹೆದ್ದಾರಿಯ ಸಂಜೆಯ ಟ್ರಾಫಿಕ್ಕು ದಾಟಿ ಅವನು ಬೋಲ್ಟನ್ ತಲುಪುವಷ್ಟರಲ್ಲಿ ಕತ್ತಲಾಗಿತ್ತು. ಬಸವೇಶನ ಹೆಂಡತಿ ದ್ರಾಕ್ಷಾಯಿಣಿ ಮಿರ್ಚಿ ಕರಿಯುತ್ತಿದ್ದಳು. ಜಾರಾ ಸೌಟು ಎತ್ತಿದಾಗಲೆಲ್ಲ ಕೈಯ ಬಳೆ ಸದ್ದು ಮಾಡುತ್ತಿದ್ದವು. ಉದಯ ನಿಂತಲ್ಲೇ ಎಲ್ಲ ಹೇಳಿದ.

ಬಸವೇಶ ಸೋಫಾದ ಮೇಲೆ ಕುಸಿದ. ದ್ರಾಕ್ಷಾಯಿಣಿ ಒಲೆ ಆರಿಸಿ ಬಳೆ ಬಿಚ್ಚಿ ಟೇಬಲ್ಲಿನ ಮೇಲಿಟ್ಟಳು.

"ಇನ್ನ ಯಾವ ಅಂಗಡಿ ತೆಗದಿರತಾವೋ? ನಿನ್ನ ದನಿಲೇ ಆ ಬಾಗಲಾನೂ ತೆಗಸು ನೋಡೂಣು."

"ವೈನಿ, ಬೇಸ್‌ಮೆಂಟ್ ರಿಪೇರಿಗೆ ಇಟ್ಟ ರೊಕ್ಕ ಐತಿ. ನಾಳೆ ನಾನ ಕೊಡತೀನಿ."

"ನೀ ಕೊಡೂದು ಖರೇನೋ, ಇದೂ ಮಿಮಿಕ್ರಿನೋ?"

ಉದಯ ಮನೆಗೆ ಹೋಗಲಿಲ್ಲ. ಅಲ್ಲೇ ಸೋಫಾದ ಮೇಲೆ ಮಲಗಿದ. ನಿದ್ದೆ ಮೂವರಿಗೂ ಇಲ್ಲ.

ಒಂಬತ್ತಕ್ಕೆ ಎರಡು ನಿಮಿಷವಿರುವಾಗಲೇ ಬೆಲ್ಲು. ಹೊರಗೆ ಬೇಲಿಫ್, ಅವನ ಹಿಂದೆ ಬಸವೇಶನ ಕಾರಿಗೆ ಅಡ್ಡಲಾಗಿ ಟೋ ಟ್ರಕ್ಕು. ಉದಯ ಬಾಕಿಯೆಲ್ಲ ಕಟ್ಟುತ್ತೇನೆಂದ. ಬೇಲಿಫ್ ಲೆಕ್ಕ ಹೇಳಿದ: ತೆರಿಗೆ, ಬಡ್ಡಿ, ಪತ್ರದ ಫೀ, ಮೊನ್ನೆ ಬಂದ ಫೀ, ಇವತ್ತು ಬಂದ ಫೀ, ಟ್ರಕ್ಕಿನ ಫೀ.

"ಟ್ರಕ್ ಏನೂ ಎಳೆದಿಲ್ಲವಲ್ಲ ಸರ್, ಅದೊಂದು ಬಿಡಿ" ಎಂದು ಉದಯ ಇಂಗ್ಲಿಷಿನಲ್ಲಿ ಅಂಗಲಾಚಿದ.

"ನೋ ಸರ್."

ಕಾರ್ಡಿನ ಯಂತ್ರ ಕಿಣಿಕ್ಕೆಂದಿತು. ಟ್ರಕ್ಕು ಹಿಂದೆ ಸರಿಯಿತು, ಕಾರು ನಿಂತಲ್ಲೇ ಉಳಿಯಿತು. ಅಷ್ಟು ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಬಸವೇಶನ ಭುಜಗಳು ಅಲುಗತೊಡಗಿದವು. ಅಳುತ್ತಿದ್ದಾನೆಂದು ಉದಯ ಹತ್ತಿರ ಹೋದ.

"ಇಂವ ಬ್ಯಾಡೋ ಉದಯಾ" ಎಂದ ಬಸವೇಶ, ಉಸಿರು ಸಿಗದೆ. "ನಿನ್ನ ಬೇಲಿಫನ್ನ ಕರಿಯೋ! ಅಂವಾ ಭಾಳ ಚಲೋ ಮನಶ್ಯಾ!"

ದ್ರಾಕ್ಷಾಯಿಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಉದಯನೂ ನಕ್ಕ, ಅಂಜುತ್ತಂಜುತ್ತ. ಬಸವೇಶ ಮಾತ್ರ ಎದುರು ಮನೆಯವರು ಕಿಟಕಿಗೆ ಬರುವಷ್ಟು ಗಟ್ಟಿಯಾಗಿ, ಕಣ್ಣೊರೆಸಿಕೊಳ್ಳುತ್ತ ನಗುತ್ತಲೇ ಇದ್ದ.